ದೂರದೂರಿನ ಚಳಿ, ಮಕ್ಕಳ ಬೇಜಾರು, ನಮ್ಮ ಹುರುಳಿ ಸಾರು

ಎಲ್ರಿಗೂ ನಮಸ್ಕಾರ. ಉಡುಪಿಯಲ್ಲಿ ನಿಂತು ಚಳಿಗಾಲದ ಬಗ್ಗೆ ಮಾತಾಡುದು ಅಂದ್ರೆ ನಿಮ್ಗೆ ಸ್ವಲ್ಪ ವಿಚಿತ್ರ ಕಾಣ್ಬಹುದು, ಯಾಕಂದ್ರೆ ನಮ್ಗೆ ಚಳಿ ಅಂದ್ರೆ ಡಿಸೆಂಬರ್ ಜನವರಿಯಲ್ಲಿ ಬೆಳಿಗ್ಗೆ ಒಂದು ಶಾಲು ಹೊದ್ಕೊಳ್ಳುದು, ಒಂಬತ್ತು ಗಂಟೆಗೆ ಪುನಃ ಫ್ಯಾನು. ಆದ್ರೆ ಇಲ್ಲಿ ಕೂತವರಲ್ಲಿ ಯಾರ ಮಕ್ಕಳೆಲ್ಲ ಕೆನಡಾ, ಐರ್ಲೆಂಡ್, ಜರ್ಮನಿಯಲ್ಲಿ ಇದ್ದಾರೆ, ಸ್ವಲ್ಪ ಕೈ ಎತ್ತಿ ನೋಡುವ. ನೋಡಿ, ಅರ್ಧ ಹಾಲ್ ಆಯ್ತು. ನನ್ನ ಮಗಳೂ ಟೊರಾಂಟೊದಲ್ಲಿ ಇರುದು.

ಅವಳು ಹೋದ ಮೊದಲನೇ ಡಿಸೆಂಬರಲ್ಲಿ ಒಂದು ದಿನ ವಿಡಿಯೋ ಕಾಲ್ ಮಾಡಿದ್ಳು. ನಮ್ಗೆ ಸಂಜೆ ಆರು, ಅಲ್ಲಿ ಬೆಳಿಗ್ಗೆ ಏಳೂವರೆ, ಅವಳ ಹಿಂದಿನ ಕಿಟಕಿ ಇನ್ನೂ ಕಪ್ಪು. ಮಡಿಲಲ್ಲಿ ಬಿಸ್ಕೆಟ್ ಪ್ಯಾಕೆಟ್, ಅದೇ ತಿಂಡಿ. "ಅಮ್ಮಾ, ಹಾಸಿಗೆ ಬಿಟ್ಟು ಏಳ್ಲಿಕ್ಕೇ ಮನಸ್ಸಾಗುದಿಲ್ಲ, ಎಷ್ಟು ಮಲಗಿದ್ರೂ ನಿದ್ದೆ, ಸಿಹಿ ತಿನ್ಬೇಕು ಅಂತ್ಲೇ ಆಗ್ತದೆ" ಅಂದ್ಳು. ನಾನು ಬೈದೆ, ಉದಾಸೀನ ಮಾಡ್ಬೇಡ ಅಂತ. ಆ ಬೈದದ್ದು ತಪ್ಪು, ಅದನ್ನೇ ಇವತ್ತು ನಿಮ್ಗೆ ಹೇಳ್ಬೇಕು ಅಂತ ಬಂದದ್ದು.

ಇದಕ್ಕೊಂದು ಹೆಸರೇ ಉಂಟು, ಸೀಸನಲ್ ಅಫೆಕ್ಟಿವ್ ಡಿಸಾರ್ಡರ್, ಅಂದ್ರೆ ಋತುವಿನ ಜೊತೆ ಬಂದು ಹೋಗುವ ಖಿನ್ನತೆ. 1984ರಲ್ಲಿ ಅಮೆರಿಕದ ಡಾಕ್ಟರ್ ನಾರ್ಮನ್ ರೋಸೆಂತಾಲ್ ಮತ್ತೆ ಅವರ ಜೊತೆಯವರು ಇದನ್ನು ವಿವರಿಸಿ ಬರೆದ್ರು. ಅತಿ ನಿದ್ದೆ, ಸಿಹಿ ಮತ್ತೆ ಬ್ರೆಡ್ಡಿನಂಥದ್ದರ ಆಸೆ, ತೂಕ ಏರುದು, ಎಲ್ಲ ಅದ್ರಲ್ಲಿ ಉಂಟು. ಮುಖ್ಯ ಕಾರಣ ಬೆಳಕು. ಡಿಸೆಂಬರ್ 21ರ ಹೊತ್ತಿಗೆ ನಮ್ಮ ಮಂಗಳೂರಲ್ಲಿ ಹಗಲು 11 ಗಂಟೆಗೂ ಹೆಚ್ಚು, ಟೊರಾಂಟೊದಲ್ಲಿ 9 ಗಂಟೆಯೂ ತುಂಬುದಿಲ್ಲ. ಹಾಗಾಗಿ ಊಟದಿಂದ್ಲೇ ಎಲ್ಲ ಸರಿ ಆಗ್ತದೆ ಅಂತ ನಾನು ಹೇಳುದಿಲ್ಲ, ಮಧ್ಯಾಹ್ನ ಹೊರಗೆ ನಡೀಲೇಬೇಕು, ಎರಡು ವಾರ ಕಳೆದ್ರೂ ಮನಸ್ಸು ಏಳದಿದ್ರೆ ಡಾಕ್ಟರನ್ನು ಕಾಣ್ಬೇಕು, ಅದ್ರಲ್ಲಿ ನಾಚಿಕೆ ಇಲ್ಲ. ಇಲ್ಲೇ ಇರುವವರಿಗೆ ಮನಸ್ಸಿನ ಕಷ್ಟ ಹೇಳ್ಕೊಳ್ಲಿಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416 ಉಂಟು, ಬರ್ಕೊಳ್ಳಿ.

ಈಗ ಊಟಕ್ಕೆ ಬರುವ. ವಾಟ್ಸಾಪಲ್ಲಿ ಬರ್ತದಲ್ಲ, ಬಾಳೆಹಣ್ಣಲ್ಲಿ ಸಿರೊಟೋನಿನ್ ಅಂತ ಮನಸ್ಸಿಗೆ ಸಂಬಂಧಪಟ್ಟ ಒಂದು ರಾಸಾಯನಿಕ ಉಂಟು, ತಿಂದ್ರೆ ಖುಷಿ ಆಗ್ತದೆ ಅಂತ, ಅದು ಸರಿಯಲ್ಲ. ಬಾಳೆಹಣ್ಣು ಒಳ್ಳೇದೇ, ಆದ್ರೆ ಅದ್ರ ಸಿರೊಟೋನಿನ್ ಮಿದುಳಿಗೆ ದಾಟುದಿಲ್ಲ. ಮಿದುಳು ತನ್ನದನ್ನು ತಾನೇ ಮಾಡ್ಕೊಳ್ಬೇಕು, ಅದಕ್ಕೆ ಬೇಕಾದ್ದು ಟ್ರಿಪ್ಟೊಫಾನ್ ಅನ್ನುವ ಪ್ರೋಟೀನಿನ ಒಂದು ಅಂಶ, ಅದು ಬೇಳೆಕಾಳು, ಮೊಟ್ಟೆ, ಮೀನು, ಹಾಲು, ಎಳ್ಳು, ನೆಲಗಡಲೆಯಲ್ಲಿ ಸಿಗ್ತದೆ. ಬಿಸ್ಕೆಟಲ್ಲಿ ಬರೀ ಮೈದಾ ಸಕ್ಕರೆ, ರಕ್ತದಲ್ಲಿ ಸಕ್ಕರೆ ಏರಿದ ಹಾಗೇ ಇಳೀತದೆ, ಮತ್ತೆ ಸುಸ್ತು, ಮತ್ತೊಂದು ಬಿಸ್ಕೆಟ್.

ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ 67 ಜನರ ಮೇಲೆ ಒಂದು ಅಧ್ಯಯನ ಮಾಡಿದ್ರು, 2017ರಲ್ಲಿ ಪ್ರಕಟ ಆಯ್ತು. ಅರ್ಧ ಜನಕ್ಕೆ 12 ವಾರ ತರಕಾರಿ, ಕಾಳು, ಮೀನು, ಪಾಲಿಶ್ ಮಾಡದ ಧಾನ್ಯ ತಿನ್ಲಿಕ್ಕೆ ಕಲಿಸಿದ್ರು, ಉಳಿದವರ ಜೊತೆ ಕೂತು ಮಾತಾಡಿದ್ರು ಅಷ್ಟೇ. ಊಟ ಬದಲಿಸಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಯಿಂದ ಹೊರಗೆ ಬಂದ್ರು, ಇನ್ನೊಂದು ಗುಂಪಲ್ಲಿ 8 ಶೇಕಡ. ಸಣ್ಣ ಅಧ್ಯಯನವೇ, ಆದ್ರೂ ಅದನ್ನು ಓದುವಾಗ ನನ್ಗೆ ಕಂಡದ್ದು ನಮ್ಮ ಅಜ್ಜಿಯ ಅಡುಗೆಕೋಣೆ. ಕುಚ್ಚಲಕ್ಕಿ ಗಂಜಿ, ಹರಿವೆ ಬಸಳೆ, ಬಂಗುಡೆ, ಬೂತಾಯಿ.

ಬಂಗುಡೆ ಬೂತಾಯಿ ನಮ್ಗೆ ಬಡವರ ಮೀನು, ಮನೆಗೆ ನೆಂಟರು ಬಂದ್ರೆ ಅಂಜಲ್ ತರ್ತೇವೆ. ಆದ್ರೆ ಒಮೆಗಾ 3 ಅನ್ನುವ ಒಳ್ಳೆ ಕೊಬ್ಬು, ವಿಟಮಿನ್ ಡಿ, ಬಿ12 ಮೂರೂ ಆ ಎಣ್ಣೆ ಮೀನಲ್ಲೇ ಚೆನ್ನಾಗಿ ಇರುದು. ಟೊರಾಂಟೊದಂಥ ಊರಿನ ಚಳಿಗಾಲದ ಬಿಸಿಲಲ್ಲಿ ಚರ್ಮಕ್ಕೆ ವಿಟಮಿನ್ ಡಿ ಮಾಡ್ಲಿಕ್ಕೆ ಆಗುದಿಲ್ಲ, ಬ್ರಿಟನ್ನಿನಲ್ಲಂತೂ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ ಮಾತ್ರೆ ತಗೊಳ್ಳಿ ಅಂತ ಅಲ್ಲಿಯ ಆರೋಗ್ಯ ಇಲಾಖೆಯೇ ಹೇಳ್ತದೆ. ಮೀನು ಮುಟ್ಟದವರು ಹಾಲು ಮೊಸರು ಬಿಡ್ಬಾರ್ದು, ಡಿ ಮತ್ತೆ ಬಿ12 ಒಮ್ಮೆ ಟೆಸ್ಟ್ ಮಾಡಿಸ್ಬೇಕು.

ಮಗಳಿಗೆ ನಾನು ಕಲಿಸಿದ್ದು ಹುರುಳಿ ಸಾರು, ತುಳುವಲ್ಲಿ ಕುಡುತ ಸಾರ್. ಶನಿವಾರ ರಾತ್ರಿ ನೆನೆಹಾಕುದು, ಭಾನುವಾರ ಕುಕ್ಕರಲ್ಲಿ ಮೆತ್ತಗೆ ಬೇಯಿಸುದು, ಬೆಂದ ನೀರು ಬಸಿದು ಸ್ವಲ್ಪ ಹುಳಿ, ಬೆಲ್ಲ ಹಾಕಿ ಕುದಿಸುದು, ಮೇಲಿಂದ ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ. ಬೆಳ್ಳುಳ್ಳಿ ಕೆಂಪಾಗ್ಲೇಬೇಕು, ಇಲ್ಲದಿದ್ರೆ ಆ ಪರಿಮಳ ಬರುದಿಲ್ಲ. ಕಾಳನ್ನು ಚೆಲ್ಲುದಲ್ಲ, ತೆಂಗಿನತುರಿ ಹಾಕಿ ಪಲ್ಯ. ಫ್ರಿಜ್ಜಲ್ಲಿ ಇಟ್ರೆ ಮೂರು ದಿನ ಬರ್ತದೆ, ಕತ್ತಲಲ್ಲಿ ಕೆಲಸದಿಂದ ಬಂದವಳಿಗೆ ಬಿಸಿ ಮಾಡಿದ್ರೆ ಆಯ್ತು. ಈಗ ಅವಳು ಪಕ್ಕದ ರೂಮಿನ ಕುಂದಾಪುರದ ಹುಡುಗಿಯನ್ನೂ ಕರೀತಾಳೆ, ಇಬ್ರೂ ನೆಲದಲ್ಲಿ ಕೂತು ಉಣ್ಣುದನ್ನು ನಾನು ಫೋನಲ್ಲಿ ನೋಡ್ತೇನೆ. ಚಳಿ ಈಗ್ಲೂ ಕಷ್ಟವೇ, ಆದ್ರೆ ಬಿಸ್ಕೆಟ್ ಪ್ಯಾಕೆಟ್ ಮಡಿಲಿಂದ ಇಳಿದಿದೆ.

ಈ ತಿಂಗಳು ಯಾರಾದ್ರೂ ಆ ಕಡೆ ಹೊರಡುವವರಿದ್ರೆ ಹಪ್ಪಳ, ಚಕ್ಕುಲಿ ಕಟ್ಟಿಕೊಡಿ, ಬೇಡ ಅನ್ನುದಿಲ್ಲ, ಅದ್ರ ಅಡಿಯಲ್ಲಿ ಒಂದು ಕೆಜಿ ಹುರುಳಿ, ಅರ್ಧ ಕೆಜಿ ಎಳ್ಳು ಇಡಿ, ಆ ದೇಶದೊಳಗೆ ಎಂತೆಂತ ಬಿಡ್ತಾರೆ ಅಂತ ಮೊದ್ಲೇ ನೋಡ್ಕೊಂಡು. ಮತ್ತೆ ಫೋನಲ್ಲಿ ಊಟ ಆಯ್ತಾ ಅಂತ ಕೇಳಿ ಬಿಡ್ಬೇಡಿ, ಎಂತ ಉಂಡದ್ದು ಅಂತ ಕೇಳಿ.