ಚಂದ್ರನ ಮೇಲಿನ ಒಂದು ಬಿಳಿ ಚುಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

2019ರ ಸೆಪ್ಟೆಂಬರ್ 7ರ ನಸುಕು ನಿಮಗೆ ನೆನಪಿದೆ ಅಲ್ವಾ? ಚಂದ್ರಯಾನ-2ರ ವಿಕ್ರಮ್ ಇನ್ನೇನು ಚಂದ್ರನ ನೆಲ ಮುಟ್ಟಬೇಕು ಅನ್ನುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ದವರ ಗಂಟಲು ಕಟ್ಟಿತ್ತು.

ಮುಂದೆ ನಡೆದದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ನಾಸಾದ ಎಲ್‌ಆರ್‌ಒ ಎಂಬ ನೌಕೆ 2009ರಿಂದ ಚಂದ್ರನನ್ನು ಸುತ್ತುತ್ತಿದೆ. ವಿಕ್ರಮ್ ಇಳಿಯಬೇಕಿದ್ದ ಜಾಗದ ಮೇಲೆ ಅದು ಹಾದುಹೋದಾಗ ತೆಗೆದ ಚಿತ್ರವನ್ನು ಸೆಪ್ಟೆಂಬರ್ 26ರಂದು ಎಲ್ಲರಿಗೂ ಕೊಟ್ಟರು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅದನ್ನು ಇಳಿಸಿಕೊಂಡು, ಅದೇ ಜಾಗದ ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟು ನೋಡುತ್ತಾ ಹೋದರು. ನೆರಳು, ಗುಂಡಿ, ಬಂಡೆ, ಮತ್ತೆ ನೆರಳು. ಕೊನೆಗೆ ಹಳೆಯದರಲ್ಲಿ ಇಲ್ಲದ ಒಂದು ಬಿಳಿ ಚುಕ್ಕೆ ಸಿಕ್ಕಿತು. ಆ ಚಿತ್ರದ ಅತಿ ಚಿಕ್ಕ ಚುಕ್ಕೆ, ಅಂದರೆ ಒಂದು ಪಿಕ್ಸೆಲ್, ನೆಲದ ಮೇಲೆ ಸುಮಾರು 1.3 ಮೀಟರ್, ಅಷ್ಟೇ. ಅವರು ನಾಸಾಕ್ಕೆ ಬರೆದರು. ಅಲ್ಲಿನವರು ಹೊಸ ಚಿತ್ರಗಳನ್ನು ತೆಗೆದು ಪರೀಕ್ಷಿಸಿ, ಡಿಸೆಂಬರ್‌ನಲ್ಲಿ ಅದು ವಿಕ್ರಮ್‌ನ ಚೂರೇ ಎಂದರು. ಕಂಡುಹಿಡಿದವರ ಹೆಸರನ್ನೂ ಹೇಳಿದರು.

ಆ ಚಿತ್ರ ಯಾವುದೋ ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ? ಎಲ್‌ಆರ್‌ಒ ಕಳಿಸುವ ಡೇಟಾ ಮೂರು ತಿಂಗಳಿಗೊಮ್ಮೆ ಸಾರ್ವಜನಿಕ ಭಂಡಾರಕ್ಕೆ ಸೇರಬೇಕು ಎಂಬ ನಿಯಮ ಇದೆ. ಹಳೆಯ ಚಿತ್ರಗಳು ಷಣ್ಮುಗ ಅವರ ಕೈಗೆ ಸಿಕ್ಕಿದ್ದು ಆ ಭಂಡಾರ ತೆರೆದಿದ್ದರಿಂದ.

ಹಾಗಂತ ಬಂದ ದಿನವೇ ಎಲ್ಲವನ್ನೂ ಹಂಚಿಬಿಡಬೇಕಾ? ಇಲ್ಲಿ ಇನ್ನೊಬ್ಬರ ಕಷ್ಟವನ್ನೂ ನೋಡಬೇಕು. ಒಂದು ಉಪಕರಣಕ್ಕಾಗಿ ಹತ್ತು ವರ್ಷ ದುಡಿದವರಿರುತ್ತಾರೆ. ಪಿಎಚ್‌ಡಿ ಮಾಡುವ ಹುಡುಗಿ ಅದನ್ನೇ ನಂಬಿಕೊಂಡಿರುತ್ತಾಳೆ. ಡೇಟಾ ಬಂದ ಮರುದಿನ, ಎಲ್ಲೋ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡ ತಂಡ ಅವಳಿಗಿಂತ ಮೊದಲೇ ಪ್ರಬಂಧ ಬರೆದುಬಿಟ್ಟರೆ ಅದು ಅನ್ಯಾಯವೇ. ಅದಕ್ಕೇ ಸ್ವಲ್ಪ ಕಾಲ ಡೇಟಾವನ್ನು ದುಡಿದವರಿಗೆ ಮಾತ್ರ ಬಿಡುತ್ತಾರೆ. ನಮ್ಮ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್‌ನಲ್ಲಿ ಒಂದು ವೀಕ್ಷಣೆಯನ್ನು ಕೇಳಿಕೊಂಡವರಿಗೆ ಈ ಗಡುವು ಒಂದು ವರ್ಷ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಲ್ಲೂ ಸಾಮಾನ್ಯವಾಗಿ ಅಷ್ಟೇ. ಹಬಲ್ ದೂರದರ್ಶಕದಲ್ಲಿ ಮೊದಲು ಒಂದು ವರ್ಷ ಇದ್ದದ್ದು ಈಗ ಆರು ತಿಂಗಳಿಗೆ ಇಳಿದಿದೆ.

ನನ್ನ ಮನಸ್ಸು ಆರು ತಿಂಗಳ ಕಡೆಗೇ ವಾಲುತ್ತದೆ. ಖರ್ಚು ಜನರದ್ದು. ಹಬಲ್‌ನ ಕಥೆಯನ್ನೇ ನೋಡಿ. ವೀಕ್ಷಣೆ ಕೇಳಿದವರೇ ಬರೆದ ಪ್ರಬಂಧಗಳಿಗಿಂತ, ಭಂಡಾರದ ಹಳೆಯ ಡೇಟಾ ತೆಗೆದು ಬೇರೆಯವರು ಬರೆದವು ವರ್ಷಕ್ಕೆ ಜಾಸ್ತಿ ಆಗಿವೆ.

ನಮ್ಮ ಭಂಡಾರ ಎಲ್ಲಿದೆ ಗೊತ್ತಾ? ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯಲ್ಲಿ. ಚಂದ್ರಯಾನದ ಸಂಕೇತಗಳನ್ನು ಹಿಡಿಯುವ 32 ಮೀಟರ್ ಅಗಲದ ದೊಡ್ಡ ಆಂಟೆನಾ ನಿಂತಿರುವುದೂ ಅಲ್ಲೇ. ಅಲ್ಲಿಂದ ಡೇಟಾ ಹಂಚುವ ವ್ಯವಸ್ಥೆಗೆ ಪ್ರದಾನ್ ಅಂತ ಹೆಸರು. ಪ್ರದಾನ ಅಂದರೆ ಕೊಡುವುದು, ಎಷ್ಟು ಚೆಂದದ ಹೆಸರು! ಚಂದ್ರಯಾನ-2ರ ಡೇಟಾ 2020ರ ಡಿಸೆಂಬರ್‌ನಿಂದ ಅಲ್ಲಿ ಸಿಗುತ್ತಿದೆ. ಹೆಸರು ನೋಂದಾಯಿಸಿದರೆ ಸಾಕು, ದುಡ್ಡು ಕೊಡಬೇಕಿಲ್ಲ.

ಆದರೆ ಬಾಗಿಲು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಊರಲ್ಲಿ ಅಜ್ಜಿ ಡಬ್ಬಿಗಳ ಮೇಲೆ ಹೆಸರು ಬರೆಯದೇ ಹೋದರೆ, ಯಾವುದು ಧನಿಯಾ ಪುಡಿ, ಯಾವುದು ಸಾರಿನ ಪುಡಿ ಅಂತ ಮೂಸಿ ನೋಡಬೇಕು. ಡೇಟಾಕ್ಕೂ ಹಾಗೇ ಒಂದು ಚೀಟಿ ಬೇಕು. ಯಾವ ದಿನ, ಯಾವ ಕೋನದಿಂದ ತೆಗೆದದ್ದು, ಉಪಕರಣದ ಅಳತೆಯನ್ನು ಹೇಗೆ ತಿದ್ದಿದ್ದಾರೆ, ಇವೆಲ್ಲ ಅದರಲ್ಲಿರಬೇಕು. ಇಲ್ಲದಿದ್ದರೆ ಅದು ಸುಮ್ನೆ ಅಂಕಿಗಳ ರಾಶಿ. ಚಂದ್ರಯಾನ-2ರ ಡೇಟಾಕ್ಕೆ ಪಿಡಿಎಸ್4 ಎಂಬ ಅಂತಾರಾಷ್ಟ್ರೀಯ ಮಾದರಿಯ ಚೀಟಿ ಅಂಟಿಸಿದ್ದಾರೆ. ಅದು ನನಗೆ ತುಂಬ ಸಂತೋಷ ಕೊಟ್ಟ ವಿಷಯ.

ಆ ಚೀಟಿಯ ಬೆಲೆ ಏನು ಅಂತ ಶುಕ್ರ ಗ್ರಹ ತೋರಿಸಿಕೊಟ್ಟಿತು. 1990ರ ದಶಕದ ಆರಂಭದಲ್ಲಿ ಮೆಗೆಲ್ಲನ್ ನೌಕೆ ಅದರ ದಟ್ಟ ಮೋಡಗಳ ಮೂಲಕ ರಾಡಾರ್ ಹಾಯಿಸಿ ನೆಲದ ಚಿತ್ರ ತೆಗೆದಿತ್ತು. ಆ ತಂಡದ ಎಷ್ಟೋ ಜನ ನಿವೃತ್ತರಾದ ಮೇಲೆ, ಅಲಾಸ್ಕಾ ವಿಶ್ವವಿದ್ಯಾಲಯದ ರಾಬರ್ಟ್ ಹೆರಿಕ್ ಆ ಹಳೆಯ ಚಿತ್ರಗಳನ್ನು ಮತ್ತೆ ತೆರೆದರು. ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ತೆಗೆದಿದ್ದರಿಂದ ಕಂಪ್ಯೂಟರ್‌ಗೆ ಹೋಲಿಸಲು ಆಗಲಿಲ್ಲ. ಅವರು ಸುಮಾರು 200 ಗಂಟೆ ಕಣ್ಣಿನಿಂದಲೇ ನೋಡಿದರು. ಮಾಟ್ ಮಾನ್ಸ್ ಎಂಬ ಬೆಟ್ಟದ ಬಳಿ, 1991ರ ಫೆಬ್ರವರಿಯಲ್ಲಿ ದುಂಡಗಿದ್ದ ಒಂದು ಜ್ವಾಲಾಮುಖಿಯ ಬಾಯಿ ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಹಿಗ್ಗಿ ಆಕಾರ ಬದಲಿಸಿತ್ತು. ಎಂಟೇ ತಿಂಗಳಲ್ಲಿ! ಶುಕ್ರನ ಜ್ವಾಲಾಮುಖಿ ಜೀವಂತವಾಗಿದೆ ಎಂಬ ಸುದ್ದಿ 2023ರ ಮಾರ್ಚ್‌ನಲ್ಲಿ ಹೊರಬಂತು. ಮೂವತ್ತು ವರ್ಷದಿಂದ ಆ ಎರಡು ಚಿತ್ರಗಳೂ ಭಂಡಾರದಲ್ಲೇ ಇದ್ದವು, ದಿನಾಂಕದ ಸಮೇತ.

ನಮಸ್ಕಾರ.