ತುರ್ತು ಕರೆಯ ಮೊದಲ ಸಾಲು

ಸಭಿಕರೇ,

ರಾತ್ರಿ ಹನ್ನೊಂದರ ಹೊತ್ತಿಗೆ 112ಕ್ಕೆ ಒಂದು ಕರೆ ಬಂದಿತೆಂದುಕೊಳ್ಳೋಣ. ‘ಸರ್, ನಮ್ಮಣ್ಣ ಬಾಗಿಲು ಹಾಕ್ಕೊಂಡು ಪಾತ್ರೆಯೆಲ್ಲ ಎಸೀತಿದಾನೆ, ಮೂರು ದಿನದಿಂದ ನಿದ್ದೆ ಮಾಡಿಲ್ಲ, ಊಟದಲ್ಲಿ ವಿಷ ಹಾಕಿದೀರ ಅಂತಾನೆ, ಬೇಗ ಬನ್ನಿ’ ಎಂದು ತಂಗಿಯೊಬ್ಬಳು ಅಳುತ್ತ ಹೇಳುತ್ತಾಳೆ. ಕರೆ ತೆಗೆದುಕೊಂಡವರು ಆ ಮಾತನ್ನೆಲ್ಲ ಒಂದೇ ಪದಕ್ಕೆ ಇಳಿಸಬೇಕಾಗುತ್ತದೆ. ‘ಗಲಾಟೆ’ ಎಂದು ಬರೆದುಕೊಂಡರೆ ಪೊಲೀಸ್ ಜೀಪು ಹೊರಡುತ್ತದೆ, ‘ಕಾಯಿಲೆ’ ಎಂದು ಬರೆದುಕೊಂಡರೆ ಆಂಬುಲೆನ್ಸ್. ಮೂರು ದಿನದ ನಿದ್ದೆಗೇಡು, ವಿಷದ ಭಯ ಎಂಬ ಎರಡು ಸಂಗತಿಗಳು, ಮನೋವೈದ್ಯರು ಮೊಟ್ಟಮೊದಲು ಕೇಳುವಂಥವು, ಆ ಒಂದು ಪದದೊಳಗೆ ಕಾಣದಂತಾಗುತ್ತವೆ. ವರ್ಷದ ಕೊನೆಗೆ ಲೆಕ್ಕ ಹಾಕುವವರ ಕೈಗೆ ಸಿಗುವುದೂ ಆ ಒಂದು ಪದವೇ.

ಮಾನಸಿಕ ಬಿಕ್ಕಟ್ಟಿನ ಹೊತ್ತಿನಲ್ಲಿ ಬಾಗಿಲಿಗೆ ಯಾರು ಬರುತ್ತಾರೆ ಎಂಬುದನ್ನು ತೀರ್ಮಾನಿಸುವುದು ಈ ಮೊದಲ ಸಾಲು. ಆದ್ದರಿಂದ ಸಿಬ್ಬಂದಿಯ ತರಬೇತಿಯಷ್ಟೇ ಗಂಭೀರವಾಗಿ ನಾವು ಈ ಸಾಲನ್ನೂ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಪೊಲೀಸರಿಗೆ ತರಬೇತಿ ಕೊಡುವ ಪ್ರಯತ್ನ ಹಳೆಯದು. ಅಮೆರಿಕದ ಮೆಂಫಿಸ್ ನಗರದಲ್ಲಿ 1988ರಲ್ಲೇ ಶುರುವಾದ 40 ಗಂಟೆಗಳ ತರಬೇತಿಯ ಮಾದರಿ ಹಲವೆಡೆ ಹರಡಿತು. ಆದರೆ ಎಂಥ ಕರೆಗೆ ಪೊಲೀಸರು ಹೋಗಲೇಬೇಕು, ಎಂಥದಕ್ಕೆ ಬೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಕರೆಗಳ ದಾಖಲೆಯನ್ನೇ ಬಿಚ್ಚಿ ನೋಡಬೇಕಾಯಿತು.

ಅದೇ ದೇಶದ ಡೆನ್ವರ್ ನಗರ 2020ರ ಜೂನ್‌ನಲ್ಲಿ ‘ಸ್ಟಾರ್’ ಎಂಬ ಯೋಜನೆಯನ್ನು ಆರಂಭಿಸಿದಾಗ ಈ ಕೆಲಸ ಮಾಡಿತು. ಅತಿಕ್ರಮ ಪ್ರವೇಶ, ಕುಡಿದು ಬಿದ್ದವರು, ಆತ್ಮಹತ್ಯೆಯ ಮಾತಾಡುವವರು, ‘ಅವರು ಹೇಗಿದ್ದಾರೋ ಸ್ವಲ್ಪ ನೋಡಿ ಬನ್ನಿ’ ಎಂಬ ಕೋರಿಕೆ, ಇಂಥ ಕೆಲವು ಬಗೆಯ ಕರೆಗಳನ್ನು ಗುರುತಿಸಿ, ಆಯುಧ ಅಥವಾ ಹಿಂಸೆಯ ಸುಳಿವಿಲ್ಲದಿದ್ದರೆ ಒಬ್ಬ ಮಾನಸಿಕ ಆರೋಗ್ಯ ತಜ್ಞರು ಮತ್ತು ಒಬ್ಬ ಅರೆವೈದ್ಯಕೀಯ ಸಿಬ್ಬಂದಿ ಇರುವ ವ್ಯಾನನ್ನು ಕಳಿಸತೊಡಗಿದರು. ಮೊದಲ ಆರು ತಿಂಗಳಲ್ಲಿ ಆ ವ್ಯಾನು 748 ಕರೆಗಳಿಗೆ ಹೋಯಿತು, ಒಬ್ಬರ ಬಂಧನವೂ ಆಗಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆ ಜಾರಿಯಲ್ಲಿದ್ದ ಪ್ರದೇಶಗಳಲ್ಲಿ ಅದು ಗುರಿಯಾಗಿಸಿಕೊಂಡಿದ್ದ ಸಣ್ಣ ಅಪರಾಧಗಳ ವರದಿ ಶೇ 34ರಷ್ಟು ಕುಗ್ಗಿತು. ಗಂಭೀರ ಅಪರಾಧಗಳ ಮೇಲೆ ಗುರುತಿಸಬಹುದಾದ ಪರಿಣಾಮ ಕಾಣಲಿಲ್ಲ. ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಪೊಲೀಸರು ಹೋಗದ ಕಡೆ ಪ್ರಕರಣವೂ ದಾಖಲಾಗುವುದು ಕಡಿಮೆಯಾದ್ದರಿಂದ, ಈ ಇಳಿಕೆಯನ್ನು ಪೂರ್ತಿಯಾಗಿ ಜನರ ವರ್ತನೆಯ ಬದಲಾವಣೆಯೆಂದು ಓದಲಾಗದು. ಅಳೆಯುವ ಕೋಲು ಬದಲಾದಾಗ ಅಳತೆಯೂ ಬದಲಾಗುತ್ತದೆ.

ನಮ್ಮಲ್ಲಿ ಕಾನೂನು ಹಿಂದೆ ಬಿದ್ದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ನಿನಂತೆ, ಮಾನಸಿಕ ಅಸ್ವಸ್ಥತೆಯಿಂದಾಗಿ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ, 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಅಂದರೆ 14416, ಬೆಂಗಳೂರಿನ ನಿಮ್ಹಾನ್ಸ್‌ನ ನೇತೃತ್ವದಲ್ಲಿ ಕನ್ನಡದಲ್ಲೂ ಮಾತಾಡುತ್ತದೆ. ಆಂಬುಲೆನ್ಸಿಗೆ 108, ಪೊಲೀಸರಿಗೆ 112, ಮನಸ್ಸಿಗೆ 14416. ಆದರೆ ಆ ರಾತ್ರಿಯ ತಂಗಿಗೆ ಇದ್ದದ್ದು ಒಂದೇ ಸಂಕಟ. ಅವಳು ಯಾವ ನಂಬರು ಒತ್ತಿದರೂ ಅದೇ ಸಹಾಯ ಸಿಗಬೇಕಾದರೆ ಈ ಮೂರೂ ಕಡೆಯ ದಾಖಲೆಗಳು ಒಂದೇ ಪದಗಳನ್ನು ಒಂದೇ ಅರ್ಥದಲ್ಲಿ ಬಳಸಬೇಕು.

ಪದಗಳ ವಿಷಯವನ್ನು ಇನ್ನೊಂದಿಷ್ಟು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಡೆನ್ವರಿನಿಂದ ತರಲಾಗದು. ‘ಮಾನಸಿಕ ಬಿಕ್ಕಟ್ಟು’ ಎಂದು ನಮ್ಮ ಹಳ್ಳಿಯಿಂದ ಯಾರೂ ಫೋನು ಮಾಡುವುದಿಲ್ಲ. ‘ಗಾಳಿ ಸೋಕಿದೆ’, ‘ಮೈಮೇಲೆ ಬರ್ತಿದೆ’, ‘ತಲೆ ಕೆಟ್ಟು ಕೂತಿದಾನೆ’, ‘ಎರಡು ದಿನದಿಂದ ಮಾತೇ ಆಡ್ತಿಲ್ಲ’ ಎನ್ನುತ್ತಾರೆ. ‘ಔಷಧಿ ಕುಡಿದುಬಿಟ್ಟ’ ಎಂದರೆ ರೈತರ ಮನೆಯಲ್ಲಿ ಅದು ಬೆಳೆಗೆ ಹೊಡೆಯುವ ಔಷಧಿ, ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುವ ಕರೆ. ದೂರದ ಊರಿನಿಂದ ಬಂದ ಸಿಬ್ಬಂದಿಗೆ ಇದು ಮಾತ್ರೆ ನುಂಗಿದಂತೆ ಕೇಳಿಸಿದರೆ ಆಗುವ ಅನಾಹುತವನ್ನು ನೀವೇ ಊಹಿಸಿ. ಕಲಬುರಗಿಯ ಮಾತು, ಮಂಗಳೂರಿನ ಮಾತು, ಚಾಮರಾಜನಗರದ ಮಾತು ಬೇರೆ ಬೇರೆಯಾಗಿರುವಾಗ, ಜನ ಆಡುವ ಈ ಮಾತುಗಳ ಕೋಶವೇ ನಮಗೆ ಬೇಕಾದ ಮೊದಲ ದತ್ತಾಂಶ.

ಎರಡನೆಯದು, ಕರೆ ಮುಗಿದ ಮೇಲಿನ ಮಾಹಿತಿ. ಎಷ್ಟು ನಿಮಿಷದಲ್ಲಿ ವಾಹನ ತಲುಪಿತು ಎಂಬುದನ್ನು ಎಣಿಸುವುದು ಸುಲಭ. ಆ ವ್ಯಕ್ತಿ ಆಸ್ಪತ್ರೆಗೆ ಹೋದರೇ, ಕೈಕಾಲು ಕಟ್ಟಬೇಕಾಯಿತೇ, ಮಾತ್ರೆ ಮುಂದುವರಿದಿದೆಯೇ, ತಿಂಗಳೊಳಗೆ ಅದೇ ಮನೆಯಿಂದ ಮತ್ತೆ ಕರೆ ಬಂತೇ ಎಂಬುದನ್ನು ಎಣಿಸುವುದು ಕಷ್ಟ, ಆದರೆ ಮುಂದಿನ ಸಲ ಚೆನ್ನಾಗಿ ನಡೆದುಕೊಳ್ಳಲು ಬೇಕಾದದ್ದು ಅದೇ. ಹೀಗೆ ಕೂಡಿಟ್ಟದ್ದು ಯಾರದೋ ಮನೆಯ ಮೇಲೆ ಹಣೆಪಟ್ಟಿ ಅಂಟಿಸಲು ಬಳಕೆಯಾಗಬಾರದು. ಗೋಪ್ಯತೆ ಆ ಕಾಯ್ದೆಯೇ ಕೊಟ್ಟ ಹಕ್ಕು. ‘ಹುಚ್ಚರ ಮನೆ’ ಎಂಬ ಗುರುತು ಕಂಪ್ಯೂಟರಿನಲ್ಲಿ ಉಳಿದುಬಿಟ್ಟರೆ ಆ ಮನೆಯವರು ಮತ್ತೆ ಫೋನು ಎತ್ತುವುದಿಲ್ಲ.

ನನ್ನ ಕೋರಿಕೆ ಚಿಕ್ಕದು. ಒಂದು ಜಿಲ್ಲೆಯ ಒಂದು ತಿಂಗಳ ಕರೆಗಳನ್ನು, ಹೆಸರು ವಿಳಾಸ ತೆಗೆದು, ಕರೆ ತೆಗೆದುಕೊಂಡವರು, ಸ್ಥಳಕ್ಕೆ ಹೋದ ಕಾನ್‌ಸ್ಟೆಬಲ್, ಮನೋವೈದ್ಯಕೀಯ ವಿಭಾಗದ ನರ್ಸ್ ಮತ್ತು ಇಂಥ ರಾತ್ರಿಗಳನ್ನು ಕಂಡ ಒಂದು ಕುಟುಂಬದವರು ಒಟ್ಟಿಗೆ ಕೂತು ಕೇಳಲಿ. ‘ನಿದ್ದೆ ಮಾಡಿಲ್ಲ’ ಎಂದು ತಂಗಿ ಎಷ್ಟನೇ ಸೆಕೆಂಡಿನಲ್ಲಿ ಹೇಳಿದಳು, ಅದನ್ನು ಕೇಳಿಸಿಕೊಂಡವರು ಮುಂದಿನ ಪ್ರಶ್ನೆಯಾಗಿ ಏನು ಕೇಳಿದರು ಎಂದು ಅಲ್ಲೇ ಗುರುತು ಹಾಕಿಕೊಳ್ಳಲಿ.