ತಲೆಗೆ ಕಸದ ಡಬ್ಬಿ ಹಾಕಿಕೊಂಡವನೂ ಪ್ರಧಾನಿಯೂ ಒಂದೇ ವೇದಿಕೆಯಲ್ಲಿ

ನಮಸ್ಕಾರ. ಮೊದಲು ಈ ಫೋಟೋ ನೋಡಿ, ಆಮೇಲೆ ಮಾತಾಡೋಣ.

(ಪರದೆಯ ಮೇಲೆ: ಮತ ಎಣಿಕೆ ಕೇಂದ್ರದ ವೇದಿಕೆ)

2024ರ ಜುಲೈ 5, ಬೆಳಗಿನ ಜಾವ. ಉತ್ತರ ಇಂಗ್ಲೆಂಡಿನ ನಾರ್ಥಲರ್ಟನ್ ಅನ್ನುವ ಊರು. ಸೂಟು ಹಾಕಿಕೊಂಡು ಮೈಕ್ ಮುಂದೆ ನಿಂತಿರುವವರು ರಿಷಿ ಸುನಕ್, ನಮ್ಮ ನಾರಾಯಣ ಮೂರ್ತಿಯವರ ಅಳಿಯ. ತಮ್ಮ ಕ್ಷೇತ್ರವನ್ನು ಗೆದ್ದಿದ್ದಾರೆ, ಆದರೆ ಅಧಿಕಾರ ಹೋಗಿದೆ. ಪಕ್ಷ ಸೋತಿತು ಅಂತ ದೇಶಕ್ಕೆಲ್ಲ ಹೇಳುತ್ತಿದ್ದಾರೆ. ಅದೇ ವೇದಿಕೆಯಲ್ಲಿ ತಲೆಗೆ ಕಸದ ಡಬ್ಬಿ ಸಿಕ್ಕಿಸಿಕೊಂಡು ನಿಂತಿದ್ದಾನಲ್ಲ, ಅವನು ಕೌಂಟ್ ಬಿನ್‌ಫೇಸ್. ಪೊಲೀಸರ ಕಣ್ಣು ತಪ್ಪಿಸಿ ಒಳಗೆ ನುಗ್ಗಿದವನು ಅಂದುಕೊಂಡಿರಾ? ಅದೇ ಕ್ಷೇತ್ರದ ಅಭ್ಯರ್ಥಿ ಸ್ವಾಮಿ! 308 ಮತ ಬಂದಿದೆ. ಇನ್ನೊಬ್ಬ ಅಭ್ಯರ್ಥಿ ಸುನಕ್ ಭಾಷಣ ಮಾಡುವಾಗ ಹಿಂದಿನಿಂದ 'ಎಲ್' ಅಂತ ಬರೆದ ಕಾಗದ ಎತ್ತಿ ಹಿಡಿದಿದ್ದ. 'ಲೂಸರ್', ಅಂದರೆ ಸೋತವನು ಅಂತ ಅದರ ಅರ್ಥ.

ಯಾರೂ ಈ ಇಬ್ಬರನ್ನು ಎಳೆದು ಹೊರಗೆ ಹಾಕಲಿಲ್ಲ.

ಅಲ್ಲಿ ಫಲಿತಾಂಶ ಹೇಳುವ ಪದ್ಧತಿಯೇ ಹಾಗೆ. ಗೆದ್ದವರು, ಸೋತವರು, ತಮಾಷೆಗೆ ನಿಂತವರು, ಎಲ್ಲರೂ ಸಾಲಾಗಿ ವೇದಿಕೆ ಹತ್ತುತ್ತಾರೆ. ಚುನಾವಣಾಧಿಕಾರಿ ಒಂದೊಂದೇ ಹೆಸರು ಓದುತ್ತಾರೆ, ಬಿನ್‌ಫೇಸ್ ಹೆಸರು ಬಂದಾಗಲೂ ಮುಖದಲ್ಲಿ ಒಂದು ಗೆರೆ ಅಲುಗಾಡುವುದಿಲ್ಲ. ನನಗೆ ಈ ನಾಟಕದಲ್ಲಿ ಅತಿ ಇಷ್ಟದ ಪಾತ್ರ ಆ ಅಧಿಕಾರಿಯದೇ.

ಸಂಸತ್ತಿಗೆ ನಿಲ್ಲೋಕೆ 500 ಪೌಂಡ್ ಠೇವಣಿ ಕಟ್ಟಬೇಕು, ನೂರಕ್ಕೆ ಐದರಷ್ಟಾದರೂ ಮತ ಬರದಿದ್ದರೆ ಆ ದುಡ್ಡು ಹೋಯಿತು. ಬಿನ್‌ಫೇಸ್‌ನ ಡಬ್ಬಿಯೊಳಗಿರುವ ಜಾನ್ ಹಾರ್ವಿ ಅನ್ನುವ ಹಾಸ್ಯಗಾರ ಅದನ್ನು ಕಳೆದುಕೊಳ್ಳುವುದಕ್ಕೇ ಕಟ್ಟುತ್ತಾರೆ. 2019ರಲ್ಲಿ ಬೋರಿಸ್ ಜಾನ್ಸನ್ ಎದುರು ನಿಂತಿದ್ದರು. ಲಂಡನ್ ಮೇಯರ್ ಚುನಾವಣೆಗೂ ನಿಂತಿದ್ದರು. ಭರವಸೆಗಳನ್ನು ಕೇಳಿ: ಕ್ರೋಸಾಂಟ್ ಅನ್ನುವ ಬೇಕರಿ ತಿಂಡಿಯ ಬೆಲೆ 1.10 ಪೌಂಡ್ ದಾಟಬಾರದು, ನದಿಗೆ ಕೊಳಚೆ ಬಿಡುವ ನೀರಿನ ಕಂಪನಿಗಳ ಮುಖ್ಯಸ್ಥರು ಅದೇ ನದಿಯಲ್ಲಿ ಮುಳುಗೇಳಬೇಕು, ಮತ್ತೆ ಜನರ ಕೈಗೆಟುಕುವ ಮನೆ 'ಕನಿಷ್ಠ ಒಂದು' ಕಟ್ಟಿಸುತ್ತೇನೆ. ಆ 'ಒಂದು' ಇದೆಯಲ್ಲ, ಲಂಡನ್‌ನಲ್ಲಿ ಬಾಡಿಗೆ ಕಟ್ಟಿದವರಿಗೆ ಅದು ಎಲ್ಲಿ ನಾಟುತ್ತದೆ ಅಂತ ಗೊತ್ತು. 2024ರ ಮೇಯರ್ ಚುನಾವಣೆಯಲ್ಲಿ ಈ ಡಬ್ಬಿಗೆ 24,260 ಮತ ಬಂತು, 'ಬ್ರಿಟನ್ ಫಸ್ಟ್' ಅನ್ನುವ ಕಟ್ಟಾ ಬಲಪಂಥೀಯ ಪಕ್ಷಕ್ಕೆ ಅದಕ್ಕಿಂತ ಕಡಿಮೆ.

ಇದು ಇವತ್ತಿನ ಇಂಟರ್ನೆಟ್ ಹುಚ್ಚೇನಲ್ಲ. ಸ್ಕ್ರೀಮಿಂಗ್ ಲಾರ್ಡ್ ಸಚ್ ಅಂತ ಒಬ್ಬ ರಾಕ್ ಗಾಯಕ ಇದ್ದ, 1963ರಲ್ಲೇ ಚುನಾವಣೆಗೆ ನಿಂತು ಮತದಾನದ ವಯಸ್ಸು 18 ಮಾಡಿ ಅಂದ. ಜನ ನಕ್ಕರು. 1969ರಲ್ಲಿ ಕಾನೂನೇ ಹಾಗಾಯಿತು. ಆಮೇಲೆ ಇವನೇ ಮಾನ್ಸ್ಟರ್ ರೇವಿಂಗ್ ಲೂನಿ ಪಾರ್ಟಿ, ಅಂದರೆ ಹೆಚ್ಚುಕಡಿಮೆ ತಲೆಕೆಟ್ಟವರ ಪಕ್ಷ ಕಟ್ಟಿದ. 1990ರಲ್ಲಿ ಬೂಟಲ್ ಉಪಚುನಾವಣೆಯಲ್ಲಿ ಇವನಿಗೆ 418 ಮತ. ಮಾಜಿ ವಿದೇಶಾಂಗ ಸಚಿವ ಡೇವಿಡ್ ಓವೆನ್ ಅವರ ಎಸ್‌ಡಿಪಿ ಪಕ್ಷಕ್ಕೆ 155. ಕೆಲವೇ ದಿನಗಳಲ್ಲಿ ಎಸ್‌ಡಿಪಿ ಬಾಗಿಲು ಮುಚ್ಚಿತು.

(ಪರದೆಯ ಮೇಲೆ: ವಿಗ್ ಹಾಕಿದ ಲೆಟಿಸ್)

ಇನ್ನು ಈ ಸೊಪ್ಪಿನ ಕಥೆ ನಿಮಗೆ ಗೊತ್ತೇ ಇರಬೇಕು. 2022ರ ಅಕ್ಟೋಬರ್‌ನಲ್ಲಿ ಆಗಿನ ಪ್ರಧಾನಿ ಲಿಜ್ ಟ್ರಸ್ ಕುರ್ಚಿ ಅಲ್ಲಾಡುತ್ತಿತ್ತು. 'ಡೈಲಿ ಸ್ಟಾರ್' ಪತ್ರಿಕೆ ಒಂದು ಲೆಟಿಸ್ ತಂದು, ಕಣ್ಣು ಅಂಟಿಸಿ, ಕ್ಯಾಮೆರಾ ಮುಂದೆ ಇಟ್ಟು, ಮೊದಲು ಬಾಡುವುದು ಯಾರು ಅಂತ ಕೇಳಿತು. ಒಂದು ವಾರದೊಳಗೆ ಟ್ರಸ್ ರಾಜೀನಾಮೆ ಘೋಷಿಸಿದರು. ಸೊಪ್ಪು ಗೆದ್ದಿತು.

ಹಾಗಂತ ನಗು ಯಾವಾಗಲೂ ಅಧಿಕಾರದಲ್ಲಿರುವವರನ್ನು ಕುಟುಕುತ್ತದೆ ಅಂತ ನಾನು ಒಪ್ಪಲ್ಲ. ಬೋರಿಸ್ ಜಾನ್ಸನ್‌ರನ್ನೇ ನೋಡಿ. 2012ರ ಒಲಿಂಪಿಕ್ಸ್ ಸಮಯದಲ್ಲಿ ಲಂಡನ್ ಮೇಯರ್ ಆಗಿ ಜಿಪ್ ವೈರ್ ಮೇಲೆ ಜಾರಲು ಹೋಗಿ, ಎರಡು ಕೈಯಲ್ಲಿ ಎರಡು ಬಾವುಟ ಹಿಡಿದುಕೊಂಡು ನಡುವೆಯೇ ನೇತಾಡಿದರು. ಬೇರೆ ಯಾರೇ ಆಗಿದ್ದರೂ ಮರ್ಯಾದೆ ಹೋಗುತ್ತಿತ್ತು, ಇವರಿಗೆ ಅದೇ ಪ್ರಚಾರ ಆಯಿತು, ಏಳು ವರ್ಷಕ್ಕೆ ಪ್ರಧಾನಿಯೂ ಆದರು. ತಲೆಗೂದಲು ಕೆದರಿಕೊಂಡು ಮೊದಲೇ ತಮ್ಮನ್ನು ತಾವು ಗೇಲಿ ಮಾಡಿಕೊಂಡವರಿಗೆ ಇನ್ನು ಏನು ಗೇಲಿ ಮಾಡ್ತೀರಿ? ಇನ್ನೊಂದು ಮಾತು. 2024ರಲ್ಲಿ ಮತ ಹಾಕಿದವರು ನೂರಕ್ಕೆ ಅರವತ್ತರಷ್ಟು ಅಷ್ಟೇ. 'ಇವರೆಲ್ಲ ಒಂದೇ' ಅಂತ ನಕ್ಕು ಮನೆಯಲ್ಲೇ ಕೂತವರೂ ಜಾಸ್ತಿ ಇದ್ದಾರೆ.

ನಾಯಕರು ಕೈಗೆ ಸಿಗುವಷ್ಟು ಹತ್ತಿರ ಇದ್ದರೆ ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಸಂಸದರು ಲೈಬ್ರರಿಯಲ್ಲೋ ಚರ್ಚಿನ ಹಾಲ್‌ನಲ್ಲೋ ಕೂತು ಕ್ಷೇತ್ರದ ಜನರ ಅಹವಾಲು ಕೇಳುವುದು ಅಲ್ಲಿ ಮಾಮೂಲು. ಜೋ ಕಾಕ್ಸ್ 2016ರಲ್ಲಿ ಅಂಥ ಭೇಟಿಗೆ ಹೋಗುವಾಗಲೇ ಕೊಲೆಯಾದರು. 2021ರಲ್ಲಿ ಡೇವಿಡ್ ಏಮೆಸ್ ಕೂಡ, ಅಹವಾಲು ಕೇಳುತ್ತಾ ಕೂತಿದ್ದಾಗಲೇ.

ಕೊನೆಗೆ, ಬ್ರಿಟನ್‌ನಲ್ಲಿರುವ ನಮ್ಮವರಿಗೆ ಒಂದು ವಿಷಯ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ವೀಸಾ ಮೇಲೆ ಅಲ್ಲಿ ವಾಸ ಮಾಡುತ್ತಿರುವ ಭಾರತದ ಪ್ರಜೆ ಕೂಡ ಪಟ್ಟಿಗೆ ಹೆಸರು ಸೇರಿಸಿ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಹೌದು, ನಿಜವಾಗಿ! ಐಟಿ ಕೆಲಸಕ್ಕೆ ಹೋಗಿ ನಾಲ್ಕೈದು ವರ್ಷ ಇದ್ದು ಬಂದವರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಈಗ ಫೋಟೋ ಇರುವ ಗುರುತಿನ ದಾಖಲೆ ಬೇಕು, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಮತಗಟ್ಟೆಯಲ್ಲಿ ಯಂತ್ರ ಇರಲ್ಲ, ಒಂದು ಪೆನ್ಸಿಲ್ ಇಟ್ಟಿರುತ್ತಾರೆ, ಕಾಗದದ ಮೇಲೆ ಗುಣಿಸು ಗುರುತು ಹಾಕಿ ಡಬ್ಬಕ್ಕೆ ಹಾಕಬೇಕು. ಬೆರಳಿಗೆ ಮೈಸೂರಿನ ಶಾಯಿಯೂ ಇಲ್ಲ. ಮತ್ತೆ ಹೊರಗೆ ಬಂದು ಫೋಟೋ ಹಾಕೋದು ಹೇಗೆ? ಅದಕ್ಕೇ ಅಲ್ಲಿನ ಜನ ಜೊತೆಗೆ ನಾಯಿ ಕರೆದುಕೊಂಡು ಹೋಗಿ, ಮತಗಟ್ಟೆಯ ಬೋರ್ಡಿನ ಪಕ್ಕ ಕೂರಿಸಿ, ಅದರ ಫೋಟೋ ಹಾಕುತ್ತಾರೆ.